ಗಂಟಲಿನ ಎರಡಕ್ಷರ

ಮಾರ್ಚ್ 3, ಭಾನುವಾರ

ಅಮ್ಮನನ್ನು ಓರ್ ಯೆಹೂದಾದ ಅವಳ ಮನೆಯಿಂದ ಇಲ್ಲಿಗೆ ಕರೆತಂದು ಇವತ್ತಿಗೆ ನಾಲ್ಕು ದಿನ. ಬಿದ್ದು ಮುರಿದ ಸೊಂಟದ ಮೂಳೆ ಕೂಡಲು ಎರಡು ತಿಂಗಳಾದರೂ ಬೇಕು ಎಂದಿದ್ದಾರೆ ಡಾಕ್ಟರು. ನಾನು ಪಾಠ ಹೇಳುವ ಕೋಣೆಯ ಪಕ್ಕದ್ದನ್ನೇ ಅವಳಿಗೆ ಬಿಟ್ಟುಕೊಡಬೇಕಾಯಿತು. ಮಲಗಿದಲ್ಲಿಂದಲೇ ಅರಬ್ಬಿಯಲ್ಲಿ ಕೂಗುತ್ತಾಳೆ: ನೀರು, ದಿಂಬು, ಯಾರು ಬಂದರು, ಯಾಕೆ ಇಷ್ಟು ಬೇಗ ಹೋದರು. ನಾನು ಹೀಬ್ರೂವಿನಲ್ಲಿ ಉತ್ತರ ಕೊಡುತ್ತೇನೆ. ಎಷ್ಟೋ ವರ್ಷದಿಂದ ನಮ್ಮಿಬ್ಬರದು ಹೀಗೆಯೇ. ಮೆಟ್ಟಿಲ ಕಡೆಯ ಕಿಟಕಿಯನ್ನು ಮುಚ್ಚಿಡುತ್ತಿದ್ದೇನೆ. ಎದುರು ಮನೆಯವರು ಒಳ್ಳೆಯವರೇ. ಆದರೂ.

ಮಧ್ಯಾಹ್ನ ಅವ್ನೇರ್ ಶ್ಟಾರ್ಕ್ ಫೋನ್ ಮಾಡಿದ. ಯುರೋಪಿನ ಗೀತಸ್ಪರ್ಧೆಗೆ ಈ ಸಲ ನಮ್ಮ ದೇಶದಿಂದ ಅವನು ಸ್ವರ ಹಾಕಿದ ಹಾಡು ಹೋಗುತ್ತಿದೆ. ಪತ್ರಿಕೆಯಲ್ಲಿ ಓದಿದ್ದೆ. ಕುಣಿಯುತ್ತ ಕುಣಿಯುತ್ತ ಹುಡುಗಿಯೊಬ್ಬಳು ಚಪ್ಪಲಿ ಕಳೆದುಕೊಳ್ಳುವ ಹಾಡು. ‘ಒಂದೇ ಚಪ್ಪಲಿ, ಒಂದೇ ಚಪ್ಪಲಿ, ಇನ್ನೊಂದು ನಿನ್ನ ಬಾಗಿಲಲ್ಲಿ.’ ಒಮ್ಮೆ ಕೇಳಿದರೆ ಮೂರು ದಿನ ತಲೆಯಿಂದ ಇಳಿಯುವುದಿಲ್ಲ.

“ಅಹೂವಾ, ಹುಡುಗಿ ಬಂಗಾರ. ಆದ್ರೆ ರೋಷ್ ಹಾಆಯಿನ್ ಕಡೆಯವಳು, ಯೆಮೆನ್ ಮನೆತನ. ಪಲ್ಲವೀಲೇ ಆ ಎರಡಕ್ಷರ ಬರುತ್ತೆ ನೋಡು. ಅವಳು ಹಾಡಿದ್ರೆ ಗಂಟಲಿಗೆ ಮೀನಿನ ಮುಳ್ಳು ಸಿಕ್ಕಿದ ಹಾಗಿರುತ್ತೆ. ನಾರ್ವೆಯವರು ಹುಡುಗೀಗೆ ನೀರು ಕೊಡಿ ಅಂತಾರೆ ಅಷ್ಟೇ.”

“ಹಾಡು ಹೀಬ್ರೂವಿನದು ತಾನೆ? ಅವಳು ಹೇಳೋದೂ ಹೀಬ್ರೂ ತಾನೆ?”

“ಹೀಬ್ರೂನೇ. ಆದ್ರೆ ನಮ್ಮ ಹೀಬ್ರೂ ಆಗ್ಲಿ ಅಂತ.”

ಎಂಟು ವಾರ ಸಮಯವಿದೆ. ಒಪ್ಪಿಕೊಂಡೆ. ನಾಟಕಶಾಲೆಯಲ್ಲಿ ಎಷ್ಟು ನಟರಿಗೆ ಇದನ್ನು ಮಾಡಿಲ್ಲ. ಅವ್ನೇರ್ ನನಗೆ ಹದಿನೈದು ವರ್ಷದಿಂದ ಗೊತ್ತು. ನಾನು ಎಲ್ಲಿ ಹುಟ್ಟಿದವಳೆಂದು ಅವನಿಗೆ ಗೊತ್ತಿಲ್ಲ.

ಮಾರ್ಚ್ 6

ಹುಡುಗಿಯ ಹೆಸರು ರುಹಾಮಾ ಗಮ್ಲಿಯೇಲ್. ಇಪ್ಪತ್ತೊಂದು ವರ್ಷ. ಸೈನ್ಯದ ಎರಡು ವರ್ಷ ಮುಗಿಸಿ ಬಟ್ಟೆಯಂಗಡಿಯಲ್ಲಿ ಕೆಲಸಕ್ಕಿದ್ದವಳು. ಕಾಲು ನೆಲದ ಮೇಲೆ ನಿಲ್ಲುವುದಿಲ್ಲ, ಕೂತರೂ ಮಂಡಿ ಕುಣಿಯುತ್ತಿರುತ್ತದೆ.

ಪಾಠದ ಟಿಪ್ಪಣಿ, ಆ ಎರಡು ಹೀಬ್ರೂ ಅಕ್ಷರಗಳಿಗೆ. ಹೇತ್: ಗಂಟಲ ಬುಡದ ಹ. ಕನ್ನಡಿಗೆ ಬಿಸಿಯುಸಿರು ಊದಿ ಮಸುಕು ಮಾಡುವಾಗ ಬರುವ ಸದ್ದು, ಇನ್ನಷ್ಟು ಆಳದಿಂದ. ಅದನ್ನು ಮೇಲಕ್ಕೆ ತಂದು ಕಿರುನಾಲಗೆಯ ಹತ್ತಿರ ಉಜ್ಜಿ ‘ಖ’ ಮಾಡಬೇಕು. ಆಯಿನ್: ಗಂಟಲು ಹಿಂಡಿ ಬಿಡುವ ಸ್ವರ. ಅದನ್ನು ಏನೂ ಮಾಡಬೇಕಿಲ್ಲ, ಬಿಟ್ಟುಬಿಡಬೇಕು. ‘ಒಂದೇ ಚಪ್ಪಲಿ’ಗೆ ಅವಳು ಹೇಳುವ ‘ನಅಲ್ ಅಹತ್’ ಹೋಗಿ ‘ನಾಲ್ ಅಖಾತ್’ ಬರಬೇಕು.

“ನಾಲ್ ಅಖಾತ್” ಎಂದು ಅವಳು ಹೇಳಿ, ಬಿದ್ದು ಬಿದ್ದು ನಕ್ಕಳು. “ಟೀಚರ್, ಇದು ನಮ್ಮ ಬ್ಯಾಂಕ್ ಮ್ಯಾನೇಜರ್ ಥರ ಆಯ್ತು!”

“ಮತ್ತೆ ಹೇಳು.”

ಇಪ್ಪತ್ತು ಸಲ ಹೇಳಿಸಿದೆ. ಇಪ್ಪತ್ತೊಂದನೆಯ ಸಲಕ್ಕೆ ಪಕ್ಕದ ಕೋಣೆಯಿಂದ ಅಮ್ಮ ಗಟ್ಟಿಯಾಗಿ, “ನಅಲ್ ಅಹತ್!” ಎಂದಳು. ಎರಡಕ್ಷರವೂ ಬಾವಿಯ ತಳದಿಂದ ಬಂದ ಹಾಗೆ. ಹುಡುಗಿಯ ಕಣ್ಣು ಅರಳಿತು. ನಾನು ಎದ್ದು ಬಾಗಿಲು ಹಾಕಿ ಬಂದೆ. ಮನೆಯಲ್ಲಿ ಒಬ್ಬರು ರೋಗಿ ಇದ್ದಾರೆ ಎಂದಷ್ಟೇ ಹೇಳಿದೆ.

ಮಾರ್ಚ್ 13

ಅಮ್ಮನಿಂದ ಪಾಠ ಹಾಳಾಗುತ್ತಿದೆ. ನಾನು ಅಡುಗೆಮನೆಯಿಂದ ಚಹಾ ತರುವಷ್ಟರಲ್ಲಿ ರುಹಾಮಾ ಅಮ್ಮನ ಮಂಚದ ಮೇಲೆ ಕೂತಿರುತ್ತಾಳೆ. ಅಮ್ಮನದು ಬಗ್ದಾದಿನ ಅರಬ್ಬಿ, ಆ ಹುಡುಗಿಯದು ಅವಳಜ್ಜಿಯಿಂದ ಬಂದ ಯೆಮೆನ್ನಿನ ಅರಬ್ಬಿ. ಅರ್ಧಕ್ಕರ್ಧ ಅರ್ಥವಾಗುವುದಿಲ್ಲ. ಅರ್ಥವಾಗದ ಅರ್ಧಕ್ಕೇ ಇಬ್ಬರೂ ಹೆಚ್ಚು ನಗುತ್ತಾರೆ.

ಸಂಜೆ ಅಮ್ಮ ನನ್ನನ್ನು ಕೇಳಿದಳು: “ಆ ಮಗೂಗೆ ಏನು ಕಾಯಿಲೆ?”

“ಕಾಯಿಲೆ ಇಲ್ಲ. ಉಚ್ಚಾರ ತಿದ್ದುತಾ ಇದೀನಿ.”

“ಕಿವೀಗೆ ಸರಿಯಾಗೇ ಕೇಳಿಸ್ತಿದೆಯಲ್ಲೇ.”

ಇದನ್ನೆಲ್ಲ ಅವಳಿಗೆ ವಿವರಿಸುವುದು ಸಾಧ್ಯವಿಲ್ಲ.

ಮಾರ್ಚ್ 19

ಹೇತ್ ಆಯಿತು. ಆಯಿನ್ ಬಾಕಿ.

ಮಾರ್ಚ್ 24

ರುಹಾಮಾ ಇವತ್ತು ಹಾಡಿನ ಹಾಳೆ ಮಡಚಿಟ್ಟು ಕೇಳಿದಳು: “ಟೀಚರ್, ಅಜ್ಜಿ ನಿಮ್ಮನ್ನ ಹಬೀಬಾ ಅಂತಾರಲ್ಲ. ಅದು ಮುದ್ದಿಗಾ, ಹೆಸರೇ ಹಾಗಾ?”

ಹೆಸರೇ ಹಾಗೆ ಎಂದೆ. ಸುಳ್ಳು ಹೇಳಬಹುದಿತ್ತು.

“ಹಾಗಾದ್ರೆ ಅಹೂವಾ ಅಂತ ಯಾರು ಇಟ್ಟಿದ್ದು?”

“ಶಾಲೇಲಿ ಇಟ್ಟರು. ಅರ್ಥ ಅದೇ. ಪ್ರೀತಿಯವಳು.”

ಅವಳು, “ನಿಮ್ಮ ಹೇತ್ ಹೋಗೋಕೆ ಎಷ್ಟು ದಿನ ಬೇಕಾಯ್ತು?” ಎಂದಳು. ಕುಚೋದ್ಯವಿರಲಿಲ್ಲ. ಮೊಣಕೈ ಮುರಿದುಕೊಂಡವರು ಇನ್ನೊಬ್ಬ ಮುರಿದುಕೊಂಡವರನ್ನು ಕೇಳುವ ಹಾಗೆ ಕೇಳಿದಳು.

ಒಂದು ಬೇಸಿಗೆ ಎಂದೆ. ಅಲ್ಲಿಗೆ ನಿಲ್ಲಿಸಬೇಕಿತ್ತು. ಆದರೆ ಹೇಳಿದೆ. ಬಗ್ದಾದಿನ ಯೆಹೂದಿಗಳೆಲ್ಲ ಐವತ್ತೊಂದರಲ್ಲಿ ಇಲ್ಲಿಗೆ ಬಂದಾಗ ನನಗೆ ಹನ್ನೊಂದು. ಡೇರೆಗಳ ಶಿಬಿರದಲ್ಲಿ ವಾಸ, ಶಾಲೆ ಆಚೆ ರಸ್ತೆಯಲ್ಲಿ. ಮೊದಲ ವಾರವೇ ನನ್ನನ್ನು ಎಬ್ಬಿಸಿ ನಿಲ್ಲಿಸಿ ಪದ್ಯ ಓದಿಸಿದರು. ಪದ್ಯದಲ್ಲಿ ಹನ್ನೆರಡು ಹೇತ್ ಇದ್ದವು. ಎರಡನೆಯದಕ್ಕೇ ತರಗತಿ ನಗಲು ಶುರುಮಾಡಿತು. ಟೀಚರಮ್ಮನೂ ನಕ್ಕರು, ಕೆಟ್ಟವರೇನಲ್ಲ, ನಗು ತಡೆಯಲಾಗಲಿಲ್ಲ ಅಷ್ಟೆ. ಹನ್ನೆರಡನ್ನೂ ಓದಿ ಮುಗಿಸಿ ಕೂತೆ. ಆ ಬೇಸಿಗೆಯಿಡೀ ನೀರಿನ ತೊಟ್ಟಿಯ ಹಿಂದೆ ಒಬ್ಬಳೇ ನಿಂತು ‘ಖ, ಖ’ ಎನ್ನುತ್ತಿದ್ದೆ. ಶಾಲೆ ಮತ್ತೆ ತೆರೆದಾಗ ಹೊಸ ಹುಡುಗಿಯೊಬ್ಬಳು ನನ್ನನ್ನು ಪೋಲೆಂಡಿನವಳೆಂದುಕೊಂಡಳು. ಜೀವನದಲ್ಲಿ ಅಷ್ಟು ಖುಷಿ ಮತ್ತೆಂದಾದರೂ ಆಗಿದ್ದು ನೆನಪಿಲ್ಲ.

ರುಹಾಮಾಳ ಮಂಡಿ ಕುಣಿಯುವುದು ನಿಂತಿತ್ತು. ಆಮೇಲೆ ತಾನಾಗಿಯೇ ಹಾಳೆ ಬಿಡಿಸಿ ಹಾಡಿದಳು. ಆಯಿನ್ ಇರಲಿಲ್ಲ. ಸ್ವರ ಮೊದಲ ಸಲ ಎಲ್ಲೂ ತಡೆಯದೆ ಹರಿಯಿತು. ಒಳ್ಳೆಯ ಪಾಠ.

ಮಾರ್ಚ್ 31

ಧ್ವನಿಮುದ್ರಣ ಮುಗಿಯಿತು. ಅವ್ನೇರ್ ನನ್ನ ಕೈ ಹಿಡಿದು ಕುಲುಕಿದ. “ನೀನು ಮಾಟಗಾತಿ ಕಣೆ.” ರುಹಾಮಾ ಗಾಜಿನಾಚೆ ಹೆಡ್‌ಫೋನ್ ಹಾಕಿಕೊಂಡು ತನ್ನದೇ ಹಾಡು ಕೇಳುತ್ತಿದ್ದಳು. ಹೊರಗೆ ಬಂದು, “ಚೆನ್ನಾಗಿದೆ. ಯಾರೋ ಬಹಳ ಚೆನ್ನಾಗಿ ಹಾಡಿದಾರೆ,” ಎಂದಳು. ತಮಾಷೆಗೆ ಎಂದುಕೊಂಡೆ.

ಏಪ್ರಿಲ್ 4

ನಾಳೆ ಸಂಜೆ ಪಾಸ್ಕ ಹಬ್ಬ. ಅಮ್ಮ ಹಾಸಿಗೆಯಲ್ಲಿ ಒರಗಿ ಕೂತು ಮಡಿಲಲ್ಲಿ ದೊಡ್ಡ ತಟ್ಟೆಯಿಟ್ಟುಕೊಂಡು ಅಕ್ಕಿ ಆರಿಸುತ್ತಿದ್ದಳು. ನಮ್ಮ ಕಡೆ ಈ ಹಬ್ಬಕ್ಕೆ ಅನ್ನ ಉಣ್ಣುತ್ತಾರೆ, ಆದರೆ ಬೇರೆ ಕಾಳು ಒಂದೂ ಬೆರೆತಿಲ್ಲವೆಂದು ಮೂರು ಸಲ ಆರಿಸಬೇಕು. ತೀರಿಕೊಂಡ ನನ್ನ ಯಜಮಾನರ ಯುರೋಪಿನ ಮನೆತನದಲ್ಲಿ ಹಬ್ಬದ ವಾರ ಅಕ್ಕಿಯನ್ನು ಕಣ್ಣಿನಿಂದಲೂ ನೋಡುತ್ತಿರಲಿಲ್ಲ; ಹಾಗಾಗಿ ನಾನೂ ಬಿಟ್ಟು ಇಪ್ಪತ್ತು ವರ್ಷವಾಗಿತ್ತು.

“ಕಣ್ಣು ಕಾಣಿಸಲ್ಲ, ಎರಡನೇ ಸಲ ನೀನು ಆರಿಸು,” ಎಂದಳು. ಕೂತೆ. ಡಾಕ್ಟರು ಅವಳನ್ನು ಚಟುವಟಿಕೆಯಿಂದ ಇಡಿ ಎಂದಿದ್ದಾರೆ. ಮೂರನೆಯ ಸಲವೂ ನಾನೇ ಆರಿಸಿದೆ. ಕಲ್ಲಿನ ಚೂರಿಗೆ ಬಗ್ದಾದಿನಲ್ಲಿ ಏನೋ ಒಂದು ಪದವಿತ್ತು, ಅದು ಏನೆಂದು ಕೇಳಿದೆ. ಹೇಳಿದಳು. ಆಮೇಲೆ ಕಾಳುಗಳದ್ದು, ತಟ್ಟೆಯದ್ದು, ನಮ್ಮ ಮನೆಯ ತಾರಸಿಯದ್ದು. ಎರಡು ಗಂಟೆ ಹೋಗಿದ್ದೇ ತಿಳಿಯಲಿಲ್ಲ. ಪರೀಕ್ಷೆಯ ಉತ್ತರ ಪತ್ರಿಕೆಗಳನ್ನು ತಿದ್ದುವುದು ಹಾಗೇ ಉಳಿಯಿತು.

ಏಪ್ರಿಲ್ 9

ಬೆಳಿಗ್ಗೆ ಹತ್ತಕ್ಕೆ ಕರೆಗಂಟೆ. ಬಾಗಿಲಲ್ಲಿ ಬಸ್ ಡ್ರೈವರ್ ಸಮವಸ್ತ್ರದ ಒಬ್ಬರು. ತೆಳ್ಳಗೆ, ಬಿಳಿಗಡ್ಡ, ತಲೆಯ ಮೇಲೆ ಹೆಣೆದ ಟೋಪಿ. ರುಹಾಮಾಳ ತಂದೆ, ಯಿಹ್ಯೆ ಗಮ್ಲಿಯೇಲ್. ಒಳಗೆ ಬನ್ನಿ ಎಂದರೆ ಬರಲಿಲ್ಲ.

“ಬಸ್ಸು ಕೆಳಗಿದೆ ಅಮ್ಮಾ. ಹತ್ತು ನಿಮಿಷ ಬಿಡುವು. ಜಗಳಕ್ಕೆ ಬಂದಿಲ್ಲ.”

“ಹೇಳಿ.”

“ಹಬ್ಬದ ಊಟಕ್ಕೆ ಮೊದಲು ನಮ್ಮನೇಲಿ ಗ್ರಂಥ ಓದೋದು ಅವಳೇ. ಆರು ವರ್ಷದವಳಿದ್ದಾಗಿಂದ. ನಾನೇ ಕಲಿಸಿದ್ದು, ನನಗೆ ನಮ್ಮಪ್ಪ ಕಲಿಸಿದ್ದರು. ಈ ಸಲಾನೂ ಓದಿದಳು. ತಪ್ಪಿಲ್ಲ, ತಡವರಿಸಲಿಲ್ಲ. ನಮ್ಮಮ್ಮನಿಗೆ ತೊಂಬತ್ತಾಯ್ತು, ಕಣ್ಣು ಹೋಗಿದೆ. ನನ್ನ ತೋಳು ಜಗ್ಗಿ, ‘ಯಿಹ್ಯೆ, ಓದ್ತಿರೋ ಹುಡುಗಿ ಯಾರದು? ನಮ್ಮ ರುಹಾಮಾ ಎಲ್ಲಿ?’ ಅಂದಳು.”

ಅವರು ಮುಂದುವರಿಸಿದರು.

“ನಾನು ದಿನಾ ಬಸ್ಸಲ್ಲಿ ರೇಡಿಯೋ ಹಾಕ್ತೀನಿ. ವಾರ್ತೆ ಓದೋರಿಗೆ ಈ ಎರಡಕ್ಷರ ಸರಿಯಾಗಿ ಬರ್ಲಿ ಅಂತ ಸಂಬಳ ಕೊಟ್ಟು ಕಲಿಸ್ತಾರಂತೆ. ನನ್ನ ಮಗಳಿಗೆ ಹುಟ್ಟಿನಿಂದ ಬಂದಿತ್ತು. ಅದನ್ನ ತೆಗೆಯೋಕೆ ಸಂಬಳ ಕೊಡ್ತಾರೆ. ಇದರ ಲೆಕ್ಕ ನನಗೆ ಅರ್ಥ ಆಗ್ಲಿಲ್ಲ. ನೀವು ಓದಿದೋರು, ಕೇಳೋಣ ಅಂತ ಬಂದೆ.”

“ಹಾಡಿಗೆ ಮಾತ್ರ ಅದು. ಮನೇಲಿ ಅವಳು ಹೇಗೆ ಬೇಕಾದ್ರೂ ಮಾತಾಡ್ಬಹುದು,” ಎಂದೆ.

“ಹೌದಾ? ನೀವು ಮನೇಲಿ ಹೇಗೆ ಮಾತಾಡ್ತೀರಿ?”

ಅಷ್ಟರಲ್ಲಿ ಅಮ್ಮ ಊರುಗೋಲು ಕುಟ್ಟುತ್ತ ಅಲ್ಲಿಯವರೆಗೂ ಬಂದುಬಿಟ್ಟಳು, ಬಿದ್ದ ಮೇಲೆ ಮೊದಲ ಸಲ. “ಹಬೀಬಾ, ಮನೆಗೆ ಬಂದೋರನ್ನ ಹೊಸ್ತಿಲಲ್ಲಿ ನಿಲ್ಲಿಸ್ತಾರೇನೇ? ಚಹಾ ಇಡು!” ಅವರು ಅರಬ್ಬಿಯಲ್ಲೇ ಅವಳಿಗೆ ವಂದಿಸಿ, ಹಬ್ಬದ ಹಾರೈಕೆ ಹೇಳಿ, ಗಡಿಯಾರ ನೋಡಿಕೊಂಡು ಇಳಿದು ಹೋದರು. ನನ್ನತ್ತ ತಿರುಗಿ ನೋಡಲಿಲ್ಲ.

ಏಪ್ರಿಲ್ 10

ಅವ್ನೇರ್‌ಗೆ ಫೋನ್ ಮಾಡಿದೆ. ಪಲ್ಲವಿಯಲ್ಲಾದರೂ ಅವಳ ಅಕ್ಷರ ಅವಳಿಗೆ ಬಿಡೋಣ ಎಂದೆ.

“ನಿನಗೇನಾಯ್ತು? ಕ್ಯಾಸೆಟ್ ಎಲ್ಲಾ ದೇಶಕ್ಕೂ ಹೋಗಿದೆ. ಮುಳ್ಳು ತೆಗೆದ ಮೇಲೆ ಮೀನಿಗೆ ವಾಪಸ್ ಚುಚ್ತೀಯಾ?”

“ಮುಳ್ಳಲ್ಲ ಅದು, ಅವ್ನೇರ್.”

“ಮತ್ತೇನು?”

ಉಚ್ಚಾರ ಕಲಿಸುವವಳಿಗೆ ಪದ ಸಿಗಲಿಲ್ಲ. ಅವನು ನಕ್ಕು, ಹಬ್ಬದಲ್ಲಿ ಹೆಚ್ಚು ವೈನ್ ಕುಡಿದಿದ್ದೀ ಎಂದ.

ಏಪ್ರಿಲ್ 14

ರುಹಾಮಾ ಬಂದ ಕೂಡಲೇ ಹೇಳಿದೆ: ವೇದಿಕೆಯ ಮೇಲೆ ನಿನ್ನನ್ನು ಯಾರೂ ತಡೆಯಲಾರರು, ನಿನಗೆ ಬೇಕಾದ ಹಾಗೆ ಹಾಡು, ನಿನ್ನ ತಂದೆ ಬಂದಿದ್ದರು.

ಅವಳು ಕೋಟನ್ನೂ ತೆಗೆಯಲಿಲ್ಲ. “ಗೊತ್ತು. ಅಪ್ಪ ಹೇಳಿದ್ರು. ಈಗ ನೀವೂ ಶುರು ಮಾಡಿದ್ರಾ?”

“ನಾನು ತಪ್ಪು ಮಾಡಿದೆ ಅನ್ನಿಸ್ತಿದೆ.”

“ನಿಮಗೆ ಅನ್ನಿಸ್ತಿದೆ! ಅವ್ನೇರ್ ತೆಗಿ ಅಂದ, ತೆಗೆದ್ರಿ. ಅಪ್ಪ ಬೇಜಾರಾದ್ರು, ಈಗ ವಾಪಸ್ ಹಾಕು ಅಂತೀರಿ. ನನ್ನನ್ನ ಯಾರಾದ್ರೂ ಕೇಳಿದ್ರಾ? ಟೀಚರ್, ನನಗೆ ಆ ಹಾಡು ಹಾಗೇ ಇಷ್ಟ. ಉಸಿರು ಉದ್ದ ಬರುತ್ತೆ. ಕುಣೀತಾ ಹಾಡೋಕೆ ಆಗುತ್ತೆ. ಒಂದೂವರೆ ತಿಂಗಳು ಬೆವರು ಸುರಿಸಿದ್ದೀನಿ. ನನ್ನ ಬಾಯಿ ಇದು. ಅಪ್ಪನ ಗ್ರಂಥ ಅಲ್ಲ, ನಿಮ್ಮ ನೀರಿನ ತೊಟ್ಟೀನೂ ಅಲ್ಲ.”

ಕೊನೆಯ ಮಾತು ಹೊರಬಿದ್ದ ಮೇಲೆ ಅವಳೇ ಬೆಚ್ಚಿದಳು. ಕ್ಷಮಿಸಿ ಎಂದಳು. ಪರವಾಗಿಲ್ಲ ಎಂದೆ. ಪಾಠ ಮಾಡಿದೆವು. ಚೆನ್ನಾಗಿಯೇ ಹಾಡಿದಳು.

ಏಪ್ರಿಲ್ 15

ಅವಳು ಹೇಳಿದ್ದು ನಿಜ.

ಏಪ್ರಿಲ್ 28

ರುಹಾಮಾ ನಾಳೆ ಹೊರಡುತ್ತಾಳೆ. ಇವತ್ತು ಬಂದಿದ್ದು ನನಗಾಗಿ ಅಲ್ಲ, ಅಮ್ಮನ ಆಶೀರ್ವಾದಕ್ಕೆ. ಅಮ್ಮ ಅವಳ ತಲೆಯ ಮೇಲೆ ಕೈಯಿಟ್ಟು ಉದ್ದವಾಗಿ ಏನೇನೋ ಹೇಳಿದಳು.

“ಟೀಚರ್, ಅಜ್ಜಿ ಏನಂದ್ರು? ನನಗೆ ಅರ್ಧ ಸಿಕ್ಕಲಿಲ್ಲ.”

ಹೇಳಿಕೊಟ್ಟೆ. ನಿನ್ನ ಕಾಲು ಎಡವದಿರಲಿ, ನಿನ್ನನ್ನು ನೋಡುವ ಕಣ್ಣು ಒಳ್ಳೆಯದಾಗಿರಲಿ, ಹೋದ ಬಾಗಿಲಿನಿಂದಲೇ ನಗುತ್ತ ಬಾ. ಅವಳ ಕಣ್ಣು ತುಂಬಿತು. ಬಾಗಿಲವರೆಗೂ ಹೋಗಿ ತಿರುಗಿ, “ಅಪ್ಪ ಹದಿನೈದು ದಿನದಿಂದ ಹಾಡಿನ ಸುದ್ದೀನೇ ಎತ್ತಲ್ಲ. ಊಟ ಆಯ್ತಾ, ಕೋಟು ತಗೊಂಡ್ಯಾ, ಅಷ್ಟೇ. ಅವರು ನೋಡ್ತಾರೋ ಇಲ್ವೋ,” ಎಂದಳು. ನೋಡುತ್ತಾರೆ ಎಂದೆ. ನನಗೆ ಗೊತ್ತಿರಲಿಲ್ಲ.

ಅವಳು ಹೋದ ಮೇಲೆ ಅಮ್ಮ, “ನನ್ನ ಮಾತು ಚೆನ್ನಾಗಿ ತಿಳಿಸಿದೆ ಕಣೇ, ನಾನು ಅಷ್ಟು ಚೆನ್ನಾಗಿ ಹೇಳಿರ್ಲಿಲ್ಲ,” ಎಂದು ನಕ್ಕಳು. ಕಿಟಕಿ ತೆರೆದೇ ಇತ್ತು, ಸೆಖೆ ಶುರುವಾಗಿದೆ.

ಮೇ 5, ಭಾನುವಾರ

ನಿನ್ನೆ ಸಬ್ಬತ್ ಮುಗಿದ ಮೇಲೆ ಸ್ಪರ್ಧೆ ಟೀವಿಯಲ್ಲಿ ಬಂತು. ಎದುರು ಮನೆಯ ಗಂಡಹೆಂಡಿರೂ ಬಂದು ಕೂತಿದ್ದರು. ಅವರ ಟೀವಿ ಕೆಟ್ಟಿದೆಯಂತೆ. ಅಮ್ಮ ಸೂರ್ಯಕಾಂತಿ ಬೀಜದ ತಟ್ಟೆಯನ್ನು ಅವರ ಮುಂದಿಟ್ಟು ಬಗ್ದಾದಿನ ಅರಬ್ಬಿಯಲ್ಲೇ ಉಪಚಾರ ಮಾಡಿದಳು. ಆಕೆ ಏನು ಹೇಳುತ್ತಿದ್ದಾರೆ ಎಂದು ಅವರು ಕೇಳಿದಾಗಲೆಲ್ಲ ನಾನು ಹೇಳುತ್ತಿದ್ದೆ.

ನಮ್ಮದು ಒಂಬತ್ತನೆಯ ಹಾಡು. ರುಹಾಮಾ ಹಳದಿ ಉಡುಪಿನಲ್ಲಿ ಬಂದಳು. ವೇದಿಕೆ ಎಷ್ಟು ದೊಡ್ಡದೆಂದರೆ ಅವಳು ಬೆರಳಷ್ಟು ಕಂಡಳು. ಮೊದಲ ಸಾಲಿಗೆ ನನ್ನ ಉಗುರು ಅಂಗೈಗೆ ನೆಟ್ಟಿತ್ತು. ಆಮೇಲೆ ಪಲ್ಲವಿ. ನಾಲ್ ಅಖಾತ್, ನಾಲ್ ಅಖಾತ್. ಒಂದೂ ತಪ್ಪಲಿಲ್ಲ. ನಾನು ಕಲಿಸಿದ್ದಕ್ಕಿಂತ ಚೆನ್ನಾಗಿತ್ತು, ಹಗುರವಾಗಿತ್ತು, ಅವಳದೇ ಆಗಿತ್ತು. ಕೊನೆಯಲ್ಲಿ ಚಪ್ಪಲಿಯನ್ನು ನಿಜವಾಗಿಯೂ ಒದ್ದುಬಿಟ್ಟಳು. ಅದು ವಾದ್ಯದವರ ನಡುವೆ ಎಲ್ಲೋ ಹೋಗಿ ಬಿತ್ತು. ಸಭೆ ಎದ್ದು ನಿಂತಿತು.

ಅಂಕಗಳು ಒಂದೊಂದೇ ದೇಶದಿಂದ ಬಂದವು. ಮೂರು, ಐದು, ಏನೂ ಇಲ್ಲ, ಏಳು. ಕಾಯುವ ಕೋಣೆಯಲ್ಲಿ ಅವಳು ಅವ್ನೇರ್ ಪಕ್ಕ ಒಂದೇ ಚಪ್ಪಲಿಯಲ್ಲಿ ಕೂತಿದ್ದಳು, ಮಂಡಿ ಕುಣಿಯುತ್ತಿತ್ತು. ಆಮೇಲೆ ಪೋರ್ಚುಗಲ್‌ನವರು ನಮಗೆ ಹನ್ನೆರಡು ಕೊಟ್ಟರು, ಕೊಡಬಹುದಾದಷ್ಟೂ. ಕ್ಯಾಮೆರಾ ಅವಳತ್ತ ತಿರುಗಿತು. ರುಹಾಮಾ ನೆಗೆದೆದ್ದು, ಎರಡೂ ಕೈಯಿಂದ ಕ್ಯಾಮೆರಾವನ್ನೇ ಹಿಡಿದ ಹಾಗೆ ಹತ್ತಿರ ಬಂದು ಕೂಗಿದಳು: “ಅಬಾ! ಶಮಅತಾ?”

ಅಪ್ಪಾ, ಕೇಳಿಸ್ತಾ?

ಆ ಪದದ ನಡುವಿನ ಆಯಿನ್ ಹಾಗೆಯೇ ಇತ್ತು. ಗಂಟಲ ಬುಡದಿಂದ, ಪೂರ್ತಿಯಾಗಿ, ಅವಳಪ್ಪ ಕಲಿಸಿದ ಹಾಗೆ. ಅವಳಿಗೆ ಗೊತ್ತೇ ಆಗಿರಲಾರದು. ಅದು ಲಿಸ್ಬನ್‌ನಲ್ಲಿ, ಓಸ್ಲೋದಲ್ಲಿ, ಎಲ್ಲ ಮನೆಗಳಲ್ಲೂ ಕೇಳಿಸಿತು. ಅಮ್ಮ ಊರುಗೋಲಿನಿಂದ ನೆಲ ಕುಟ್ಟಿದಳು.

ಆರನೆಯ ಸ್ಥಾನ ಬಂತು. ಎದುರು ಮನೆಯವರು ಇನ್ನೂ ಬಾಗಿಲಲ್ಲಿದ್ದಾಗಲೇ ಫೋನ್ ಬಂತು. ಯಿಹ್ಯೆ ಗಮ್ಲಿಯೇಲ್.

“ಅಮ್ಮಾ, ಹೊತ್ತಾಯ್ತು, ತಪ್ಪು ತಿಳೀಬೇಡಿ. ಕೇಳಿಸ್ತಾ ಅಂತ ಕೇಳಿದಳಲ್ಲ. ಅವಳ ಹೋಟೆಲ್ ನಂಬರು ನನ್ನ ಹತ್ತಿರ ಇಲ್ಲ. ಯಾರಿಗೆ ಹೇಳ್ಬೇಕೋ ಗೊತ್ತಾಗ್ಲಿಲ್ಲ.” ಆ ಕಡೆ ಮನೆ ತುಂಬ ಜನರ ಗದ್ದಲ. ಅವರು ಗಂಟಲು ಸರಿಮಾಡಿಕೊಂಡರು. “ಕೇಳಿಸ್ತು.”

ಅವ್ನೇರ್ ಬರೆಸಿದ್ದ ನಂಬರನ್ನು ಒಂದೊಂದೇ ಅಂಕಿ ಓದಿ ಹೇಳಿದೆ. ಅವರು ಎರಡು ಸಲ ಹೇಳಿಸಿ ಬರೆದುಕೊಂಡರು. ಹೀಬ್ರೂವಿನಲ್ಲಿ ಆಯಿನ್‌ನಿಂದ ಮುಗಿಯುವ ನಾಲ್ಕು, ಏಳು, ಒಂಬತ್ತು ಎಂದು ಹೇಳುವಾಗ, “ನೀವು ಚೆನ್ನಾಗಿ ಹೇಳ್ತೀರಿ,” ಎಂದರು. ಯಾಕೆ ಹಾಗೆಂದರೋ. ಅಂಕಿಗಳಷ್ಟೇ.

ಮೇ 7

ಅವ್ನೇರ್ ವಿಮಾನ ನಿಲ್ದಾಣದಿಂದಲೇ ಫೋನ್ ಮಾಡಿದ. ಬಹಳ ಖುಷಿಯಲ್ಲಿದ್ದ. ಮುಂದಿನ ವರ್ಷಕ್ಕೆ ಡಿಮೋನಾ ಕಡೆಯ ಹುಡುಗಿಯೊಬ್ಬಳನ್ನು ಕಂಡುಹಿಡಿದಿದ್ದಾನಂತೆ, ಮೊರಾಕೊ ಮನೆತನ. “ಸ್ವಲ್ಪ ನುಣುಪು ಮಾಡ್ಬೇಕು ಅಷ್ಟೇ, ನಿನಗೆ ಎರಡು ವಾರದ ಕೆಲಸ.” ಆಗುವುದಿಲ್ಲ ಎಂದೆ. ಯಾಕೆ ಎಂದ. ಅಮ್ಮನನ್ನು ಈ ವಾರ ಅವಳ ಮನೆಗೆ ಬಿಡಬೇಕು, ಕೆಲವು ದಿನ ಅಲ್ಲೇ ಇರುತ್ತೇನೆ, ಎಷ್ಟು ದಿನವೋ ಗೊತ್ತಿಲ್ಲ ಎಂದೆ. ಆಮೇಲೆ, ಗಂಟಲೂ ಸರಿಯಿಲ್ಲ ಎಂದೆ.

ಅದು ಸುಳ್ಳಲ್ಲ. ಎರಡು ಮೂರು ವಾರದಿಂದ ಗಂಟಲಿನಲ್ಲಿ ಏನೋ ನೋವು. ನೆಗಡಿಯದ್ದಲ್ಲ, ಅದಕ್ಕಿಂತ ಕೆಳಗೆ. ಬಹಳ ಕಾಲ ಎತ್ತದ ಭಾರ ಎತ್ತಿದ ಮರುದಿನ ತೋಳು ನೋಯುವ ಹಾಗೆ. ಗಾಳಿ ಬದಲಾಗಿದ್ದಕ್ಕಿರಬೇಕು. ಅಮ್ಮ ತಾನೇ ಎದ್ದು ಒಲೆಯ ಮುಂದೆ ನಿಂತು ಒಣ ನಿಂಬೆಯ ಕಷಾಯ ಕಾಯಿಸಿ ಕೊಟ್ಟಳು. ಇವತ್ತು ಒಂದು ದಿನ ಬಾಯಿ ಬಿಡಬೇಡ, ಗಂಟಲಿಗೆ ವಿಶ್ರಾಂತಿ ಕೊಡು ಎಂದಳು. ಆಗಲಿ ಎಂದೆ. ಆಮೇಲೆ ಅವಳು ಬಗ್ದಾದಿನ ನಮ್ಮ ಪಕ್ಕದ ಮನೆಯವಳ ಮದುವೆಯ ಕಥೆ ಎತ್ತಿದಳು, ಅದರಲ್ಲಿ ಒಂದು ಕಡೆ ತಪ್ಪು ಹೇಳಿದಳು, ನಾನು ಅವಳ ಅರಬ್ಬಿಯಲ್ಲೇ ತಿದ್ದಿದೆ, ಅವಳು ಒಪ್ಪಲಿಲ್ಲ. ಕತ್ತಲಾದರೂ ದೀಪ ಹಾಕದೆ ಇಬ್ಬರೂ ವಾದ ಮಾಡುತ್ತಲೇ ಇದ್ದೆವು.